ಮುನ್ನೂರ ಹದಿನೇಳು ವೈರಸ್

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮುನ್ನೂರ ಹದಿನೇಳು ವೈರಸ್ ಸಿಕ್ಕ ದಿನ ನನ್ನ ಗಂಡ ಹರಿಹರ ಹೋಳಿಗೆ ಮಾಡಿಸಿದರು. ಬೇರೆ ಯಾರ ಮನೆಯಲ್ಲಾದರೂ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಇವರು ಪಂಚೆ ಎತ್ತಿ ಕಟ್ಟಿಕೊಂಡು ಅಡುಗೆಮನೆಗೆ ಓಡಿ ಬಂದು, "ವಿನೋದಾ, ಸಿಕ್ತು ಕಣೇ! ಮುನ್ನೂರ ಹದಿನೇಳು!" ಎಂದು ಕೂಗಿದರು. ಮಗಳಿಗೆ ಕೆಲಸ ಸಿಕ್ಕ ದಿನವೂ ಈ ಪಾಟಿ ಕೂಗಿರಲಿಲ್ಲ.

ಅವರನ್ನು ಬೈದು ಪ್ರಯೋಜನವಿಲ್ಲ. ಅರಸೀಕೆರೆಯ ಹುಡುಗ ಮದರಾಸಿಗೆ ಬಂದು ಮೂವತ್ತೊಂದು ವರ್ಷ ರೈಲ್ವೆಯಲ್ಲಿ ಸಿಗ್ನಲ್ ಇನ್‌ಸ್ಪೆಕ್ಟರ್ ಆಗಿದ್ದವರು. ಆ ಕೆಲಸದಲ್ಲಿ ಒಂದು ರೂಢಿಯಿದೆ. ತಪಾಸಣೆಗೆ ಹೋದವನು 'ಎಲ್ಲ ಸರಿಯಾಗಿದೆ' ಎಂದು ಬರೆದು ಬಂದರೆ ಇವನು ಕಣ್ಣು ಬಿಟ್ಟು ನೋಡಿಯೇ ಇಲ್ಲ ಎಂದು ಮೇಲಿನವರು ಬೈಯುತ್ತಾರೆ. ಹತ್ತು ದೋಷ ಹಿಡಿದವನು ಒಳ್ಳೆಯ ಇನ್‌ಸ್ಪೆಕ್ಟರ್, ಇಪ್ಪತ್ತು ಹಿಡಿದವನು ಇನ್ನೂ ಒಳ್ಳೆಯವನು. ಮದುವೆಯಾದ ಹೊಸದರಲ್ಲಿ ನನ್ನ ಸಾರಿನಲ್ಲೂ ಹೀಗೆಯೇ ದೋಷ ಹಿಡಿಯುತ್ತಿದ್ದರು. ನಾನು ಸೌಟು ಅವರ ಕೈಗೇ ಕೊಟ್ಟ ಮೇಲೆ ಅದು ನಿಂತಿತು.

ನಿವೃತ್ತಿಯಾದ ಮೇಲೆ ಮಾತ್ರ ಪಾಪ, ಕಷ್ಟಪಟ್ಟರು. ವೆಸ್ಟ್ ಮಾಂಬಲಂನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ನಾಲ್ಕು ಮನೆ. ನೀರಿನ ಮೋಟಾರಿನಲ್ಲಿ ಇಷ್ಟು ದೋಷ, ಗೇಟಿನಲ್ಲಿ ಇಷ್ಟು ದೋಷ ಎಂದು ಇವರು ಪಟ್ಟಿ ಬರೆದು ಹಂಚಲು ಹೊರಟರೆ ಜನ ಕಂಡೂ ಕಾಣದ ಹಾಗೆ ಜಾಗ ಖಾಲಿ ಮಾಡುತ್ತಿದ್ದರು. ಇವರ ಬೆನ್ನ ಹಿಂದೆ 'ಕಂಪ್ಲೇಂಟ್ ಸಾರ್' ಎನ್ನುತ್ತಿದ್ದದ್ದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು ಎಂಬುದು ನನ್ನ ಹೊಟ್ಟೆ ಉರಿಸುತ್ತಿತ್ತು.

ಹೋದ ತಿಂಗಳು ಮೂರನೆಯ ಮಹಡಿಯ ಸಂಜೀವ ಅವರ ಲ್ಯಾಪ್‌ಟಾಪಿಗೆ ಅದೆಲ್ಲಿಂದಲೋ ವೈರಸ್ ಹೊಕ್ಕು, ಮಗಳ ಮದುವೆಯ ಫೋಟೋಗಳೆಲ್ಲ ಹೋದವು. ಅಸೋಸಿಯೇಷನ್ನಿನವರು ಹೆದರಿ, ಎಲ್ಲ ಮನೆಯವರೂ ಒಂದೇ ಒಳ್ಳೆಯ ಆ್ಯಂಟಿವೈರಸ್ ಹಾಕಿಸಿಕೊಳ್ಳೋಣ ಎಂದು ತೀರ್ಮಾನ ಮಾಡಿದರು. ಯಾವುದು ಒಳ್ಳೆಯದು ಎಂದು ಹೋಲಿಸಿ ನೋಡಿ ಹೇಳುವ ಕೆಲಸವನ್ನು ಕಾರ್ಯದರ್ಶಿ ಪಂಢರಿನಾಥ ರಾಯರು ನಮ್ಮವರಿಗೆ ಒಪ್ಪಿಸಿದರು. ಅವತ್ತು ಇವರು ಹತ್ತು ವರ್ಷ ಚಿಕ್ಕವರಾಗಿ ಮನೆಗೆ ಬಂದರು. "ಇಪ್ಪತ್ನಾಲ್ಕು ಮನೆಯೋರು ನನ್ನ ಮಾತು ನಂಬ್ಕೊಂಡು ಕೂತಿದಾರೆ ಕಣೇ" ಎಂದರು. ಆ ಮಾತಿಗೆ ನಾನು ತಮಾಷೆ ಮಾಡಲಿಲ್ಲ.

ಎರಡು ವಾರ ನಮ್ಮ ಹಾಲ್ ಪ್ರಯೋಗಶಾಲೆಯಾಯಿತು. ಪರೀಕ್ಷೆಗೆ ಕೂತವು ನಾಲ್ಕು. ಅವುಗಳ ಹೆಸರೆಲ್ಲ ಬೀಗದ ಕಂಪನಿಯ ಹೆಸರಿನಂತಿದ್ದವು, ನಾನು ಬಣ್ಣದಿಂದಲೇ ಗುರುತಿಟ್ಟುಕೊಂಡೆ: ಹಸಿರು, ನೀಲಿ, ಕೆಂಪು, ಮತ್ತೆ ಕಂಪ್ಯೂಟರಿನ ಜೊತೆಯಲ್ಲೇ ಬಂದಿದ್ದ ಒಂದು. ಎರಡನ್ನು ಒಟ್ಟಿಗೆ ಹಾಕಿದರೆ ಕಚ್ಚಾಡುತ್ತವೆ ಎಂದು ಒಂದನ್ನು ತೆಗೆದೇ ಇನ್ನೊಂದನ್ನು ಹಾಕುತ್ತಿದ್ದರು. ಕಂಪ್ಯೂಟರ್ ಏಳಲು ಎಷ್ಟು ಹೊತ್ತು, ಸಿನಿಮಾ ನೋಡುವಾಗ ತಡವರಿಸುತ್ತದೆಯೇ, ಎಲ್ಲವನ್ನೂ ಸ್ಟಾಪ್‌ವಾಚ್ ಹಿಡಿದು ಬರೆದರು. ಹಸಿರು ಮುಕ್ಕಾಲು ಗಂಟೆ ಹುಡುಕಿ ಸೊನ್ನೆ ಎಂದಿತು. ನೀಲಿಯೂ ಸೊನ್ನೆ. ಜೊತೆಯಲ್ಲಿ ಬಂದದ್ದು ಹುಡುಕಿದ್ದೇ ಗೊತ್ತಾಗಲಿಲ್ಲ, ಅದೂ ಸೊನ್ನೆ.

"ಅಪ್ಪಾ, ಜೊತೆಗೆ ಬಂದದ್ದೇ ಪೋದುಂ, ಸಾಕು. ಅಪ್‌ಡೇಟ್ ಮಾಡ್ತಾ ಇದ್ರೆ ಆಯ್ತು" ಎಂದು ಅಡ್ಯಾರಿನ ಆಫೀಸಿಗೆ ಹೊರಟಿದ್ದ ಮಗಳು ಪ್ರೇರಣಾ ಒಂದು ಬೆಳಿಗ್ಗೆ ಹೇಳಿದಳು.

"ಸೊನ್ನೆ ದೋಷ ಹಿಡಿದೋನಿಗೆ ಯಾವ ಡಿವಿಷನ್‌ನಲ್ಲಿ ಪ್ರಮೋಷನ್ ಕೊಡ್ತಾರಮ್ಮಾ?" ಎಂದರು ಇವರು.

ಶನಿವಾರ ಕೆಂಪಿನ ಸರದಿ. ಅದನ್ನು ಇವರು 'ಅತ್ಯುತ್ತಮ ಹತ್ತು' ಎಂಬ ಯಾವುದೋ ಪಟ್ಟಿಯ ಪುಟದಿಂದ ಇಳಿಸಿಕೊಂಡಿದ್ದರು. ನಾಲ್ಕೇ ನಿಮಿಷ! ಸೈರನ್ ಕೂಗಿತು, ಪರದೆ ಕೆಂಪಾಯಿತು, ಮುನ್ನೂರ ಹದಿನೇಳು ವೈರಸ್ ಹೆಸರು ಸಮೇತ ಸಾಲಾಗಿ ಬಂದವು. ಅವನ್ನು ತೆಗೆಯಬೇಕಾದರೆ ಕಾರ್ಡ್ ನಂಬರ್ ಕೊಡಿ ಎಂದಿತು, ಇವರು ಕೊಟ್ಟರು. ನಾಳೆಯ ಸಭೆಯಲ್ಲಿ ಎಲ್ಲ ಮನೆಯವರೂ ಒಟ್ಟಿಗೆ ಕಾರ್ಡ್ ಕೊಟ್ಟು ಇದನ್ನೇ ಹಾಕಿಸಿಕೊಳ್ಳಲಿ ಎಂದು ವರದಿ ಬರೆದರು. ಹೋಳಿಗೆ ತಿಂದು ಮಲಗಿದರು. ಪ್ರೇರಣಾ ಆ ರಾತ್ರಿ ಮಾಧವರಂನ ಗೆಳತಿಯ ಮನೆಯಲ್ಲಿ ಉಳಿದಿದ್ದಳು, ಅವಳಿಗೆ ಇದೊಂದೂ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಸಭೆಗೆ ಅರ್ಧ ಗಂಟೆಯಿರುವಾಗ, ಮೇಲಿನ ಮನೆಯ ಲೀಲಮ್ಮ ಲ್ಯಾಪ್‌ಟಾಪನ್ನು ಮಗುವಿನಂತೆ ಎತ್ತಿಕೊಂಡು ಬಂದರು. ಆನ್‌ಲೈನಿನಲ್ಲಿ ವೀಣೆ ಪಾಠ ಹೇಳಲು ಕೊಂಡದ್ದು. "ನಿನ್ನೆ ಸಂಜೆ ಡಬ್ಬ ಒಡೆದಿದ್ದು ಸಾರ್, ಇನ್ನೂ ಅದರಲ್ಲಿ ಏನೂ ಮಾಡಿಲ್ಲ. ಫಸ್ಟ್ ಬಂದಿದ್ದನ್ನ ನನಗೇ ಮೊದಲು ಹಾಕ್ಬಿಡಿ" ಎಂದರು. ಇವರು ಖುಷಿಯಿಂದ ಕೆಂಪನ್ನು ಹಾಕಿ, ಹುಡುಕಲು ಬಿಟ್ಟು, ಇಸ್ತ್ರಿ ಅಂಗಿ ತೊಟ್ಟು, ವರದಿಯ ಪ್ರತಿಗಳನ್ನು ಕಂಕುಳಲ್ಲಿಟ್ಟುಕೊಂಡು ಕೆಳಗೆ ಹೋದರು.

ನಾನೂ ಲೀಲಮ್ಮನೂ ಪರದೆ ನೋಡುತ್ತ ಕೂತೆವು. ನೂರು ದಾಟಿತು. ಇನ್ನೂರು ದಾಟಿತು. "ಅಯ್ಯಯ್ಯೋ, ಡಬ್ಬದಲ್ಲೇ ಇತ್ತೇನ್ರೀ?" ಎಂದು ಲೀಲಮ್ಮ ನನ್ನ ಕೈ ಹಿಡಿದುಕೊಂಡರು. ಮುನ್ನೂರ ಹದಿನೈದು, ಹದಿನಾರು, ಹದಿನೇಳು. ನಿಂತಿತು. ಸೈರನ್ ಕೂಗಿತು.

ನಾನು ಆ ಸಂಖ್ಯೆಯನ್ನು ಇನ್ನೊಮ್ಮೆ ಓದಿದೆ. ಏಳು ವರ್ಷದ ಹಳೆಯ ನಮ್ಮ ಕಂಪ್ಯೂಟರಿಗೂ, ನಿನ್ನೆ ಡಬ್ಬದಿಂದ ಎದ್ದ ಇದಕ್ಕೂ ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ?

ಅಷ್ಟರಲ್ಲಿ ಪ್ರೇರಣಾ ಬ್ಯಾಗು ನೇತುಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಎನ್ನಮ್ಮಾ ಇದು, ಆ್ಯಂಬುಲೆನ್ಸ್ ಸೌಂಡು?" ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವಳು ಬ್ಯಾಗನ್ನೂ ಇಳಿಸದೆ ಕೂತು ಟಕಟಕ ಒತ್ತಿದಳು. "ಆ್ಯಂಟಿವೈರಸ್ ಎಚ್ಚರವಾಗಿದೆಯಾ ಅಂತ ನೋಡೋಕೆ ಒಂದು ಟೆಸ್ಟ್ ಫೈಲ್ ಇದೆ. ಅದು ಏನೂ ಮಾಡಲ್ಲ, ಆದ್ರೆ ನಿಜವಾದ ಆ್ಯಂಟಿವೈರಸ್ ಅದನ್ನ ನೋಡಿದ ಕೂಡಲೇ ಕೂಗ್ಬೇಕು." ಫೈಲನ್ನು ಕೆಂಪಿನ ಕಣ್ಣೆದುರೇ ಇಟ್ಟು ಮತ್ತೆ ಹುಡುಕಲು ಹೇಳಿದಳು. ನಾಲ್ಕು ನಿಮಿಷ ನಾನು ಉಗುರು ಕಚ್ಚಿದೆ. ಕೆಂಪು ಮತ್ತೆ ಮುನ್ನೂರ ಹದಿನೇಳನ್ನೇ ಕೂಗಿತು, ಆ ಫೈಲಿನ ಸುದ್ದಿಯೇ ಇಲ್ಲ. ಅದನ್ನು ಕಿತ್ತುಹಾಕಿ, ಲ್ಯಾಪ್‌ಟಾಪಿನ ಜೊತೆ ಬಂದದ್ದನ್ನು ಎಬ್ಬಿಸಿದಳು. ಅದು ಕಣ್ಣು ಮಿಟುಕಿಸುವುದರೊಳಗೆ ಫೈಲನ್ನು ಹಿಡಿದು ಮೂಲೆಗೆ ಹಾಕಿತು.

"ಪೊಯ್ ಮಾ, ಎಲ್ಲಾ ಸುಳ್ಳು! ಇದು ಆ್ಯಂಟಿವೈರಸ್ಸೇ ಅಲ್ಲ. ಹೆದರಿಸಿ ಕಾರ್ಡ್ ನಂಬರ್ ಕೀಳೋ ಆಟ."

ಕೆಳಗೆ ಮೈಕಿನಲ್ಲಿ ನಮ್ಮವರ ಧ್ವನಿ ಶುರುವಾಗಿತ್ತು. ಪ್ರೇರಣಾ ಓಡಲು ಎದ್ದಳು. ನಾನು ಅವಳ ರಟ್ಟೆ ಹಿಡಿದು ಕೂರಿಸಿದೆ. ಮೂವತ್ತು ಜನರೆದುರು ಮಗಳು ಹೋಗಿ ಅಪ್ಪನನ್ನು ತಿದ್ದುವುದೇ? ಸುಮ್ಮನಿದ್ದರೆ ಅಷ್ಟೂ ಮನೆಯವರು ಕಾರ್ಡ್ ತೆಗೆಯುತ್ತಾರೆ. ಕ್ಯಾಲೆಂಡರಿನ ಹಾಳೆ ಹರಿದೆ. 'ಲೀಲಮ್ಮನ ಹೊಸ ಲ್ಯಾಪ್‌ಟಾಪಿನಲ್ಲೂ 317' ಎಂದಷ್ಟೇ ಬರೆದೆ. ಮಂಡಿನೋವನ್ನು ಲೆಕ್ಕಿಸದೆ ಮೆಟ್ಟಿಲು ಇಳಿದೆ.

ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ತುಂಬಿದ್ದವು. ಇಷ್ಟು ಜನ ಇವರ ಮಾತನ್ನು ಇಷ್ಟು ಗಮನವಿಟ್ಟು ಕೇಳಿದ್ದನ್ನು ನಾನು ಕಂಡಿರಲಿಲ್ಲ. ಪಂಢರಿನಾಥ ರಾಯರು ಆಗಲೇ ಪರ್ಸ್ ಬಿಚ್ಚಿದ್ದರು. ನಾನು ಮುಂದೆ ಹೋಗಿ ಚೀಟಿ ಕೊಟ್ಟು ಪಕ್ಕಕ್ಕೆ ನಿಂತೆ. 

ಹರಿಹರ ಓದಿದರು. ಇನ್ನೊಮ್ಮೆ ಓದಿದರು. ಮುಖದ ಬಣ್ಣ ಇಳಿದುಹೋಯಿತು. ಚೀಟಿ ಮಡಚಿ ಜೇಬಿಗೆ ಹಾಕಿ, ನಾಳೆ ಹೇಳುತ್ತೇನೆ ಎಂದು ಸಭೆ ಮುಗಿಸಬಹುದಿತ್ತು. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ.

"ಎಲ್ಲರೂ ಕಾರ್ಡು ಒಳಗಿಡಿ" ಎಂದರು ಮೈಕಿನಲ್ಲಿ. "ಎರಡು ಸ್ಟೇಷನ್ನಿಗೆ ಒಬ್ಬ ಇನ್‌ಸ್ಪೆಕ್ಟರ್ ಒಂದೇ ಲೆಕ್ಕದ ದೋಷ ಬರೆದ ಅಂದ್ರೆ, ಅವನು ಸ್ಥಳಕ್ಕೇ ಹೋಗಿಲ್ಲ, ರೂಮಲ್ಲಿ ಕೂತು ಬರೆದಿದಾನೆ ಅಂತ ಅರ್ಥ. ಈ ಕೆಂಪು ಅಂಥಾ ಕಳ್ಳ. ಅವನಿಗೆ ಫಸ್ಟ್ ರ್‍ಯಾಂಕ್ ಕೊಟ್ಟವನು ನಾನು. ನನ್ನ ಕಾರ್ಡನ್ನ ನಿನ್ನೆಯೇ ಕೊಟ್ಟುಬಿಟ್ಟಿದೀನಿ. ವರದಿ ತಪ್ಪು, ತಪ್ಪು ನಂದು." ಅಲ್ಲೇ ನಿಂತು ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಲು ಹೇಳಿದರು. 

"ಅಪ್ಪೊ, ಹಾಗಾದ್ರೆ ಯಾವುದು ಹಾಕೋದು ಸಾರ್?" ಎಂದು ಪಂಢರಿನಾಥ ರಾಯರು ಕೇಳಿದರು.

"ಬೇರೆ ಯಾರನ್ನಾದ್ರೂ ಕೇಳಿ. ನನ್ನ ಮಾತು ಬೇಡ." ಇವರು ಮೈಕನ್ನು ಕುರ್ಚಿಯ ಮೇಲಿಟ್ಟರು. ನನಗೆ ಅಳುವೇ ಬಂತು.

ಹಿಂದಿನ ಸಾಲಿನಲ್ಲಿ ಸಂಜೀವ ಎದ್ದು ನಿಂತರು. ಒಂದು ತಿಂಗಳಿಂದ ಯಾರೊಂದಿಗೂ ಸರಿಯಾಗಿ ಮಾತಾಡದ ಮನುಷ್ಯ. "ನನ್ನ ಕಂಪ್ಯೂಟರಿಗೆ ವೈರಸ್ ಹೇಗೆ ಬಂತು ಅಂತ ನಾನು ಯಾರಿಗೂ ಹೇಳಿಲ್ಲ" ಎಂದರು. "ಹೆಂಡತಿಗೂ ಹೇಳಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ಇಲ್ಲಿ ಒತ್ತಿ ಅಂತ ಒಂದು ಮೆಸೇಜ್ ಬಂತು ಸಾರ್, ಒತ್ತಿದೆ. ಮಗಳ ಮದುವೆ ಫೋಟೋ ಅಪ್ಪನೇ ಕಳೆದ ಅಂತ ಹೇಗೆ ಹೇಳಲಿ? ಬಾಯಿ ಮುಚ್ಚಿಕೊಂಡೆ. ನಾನು ಅವತ್ತೇ ಹೇಳಿದ್ರೆ ನೀವು ಇದರಲ್ಲಿ ಬೀಳ್ತಿರಲಿಲ್ಲ." ಅವರು ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡರು. "ನೀವು ಒಂದು ನಿಮಿಷದಲ್ಲಿ ಹೇಳಿಬಿಟ್ರಿ. ನೀವು ಯಾವುದು ಹಾಕು ಅಂದ್ರೆ ನಾನು ಅದನ್ನೇ ಹಾಕ್ತೀನಿ."

ಒಬ್ಬೊಬ್ಬರಾಗಿ "ನಾವೂ ಸಾರ್", "ನಮ್ಮನೇಗೂ" ಎನ್ನತೊಡಗಿದರು. ಆ ಗದ್ದಲದಲ್ಲಿ ನಮ್ಮವರು ಕನ್ನಡಕ ಒರೆಸಿಕೊಂಡರು. ಸುಳ್ಳೇಕೆ ಹೇಳಲಿ, ನನಗೆ ಆ ಮನುಷ್ಯನ ಮೇಲೆ ಅಂಥ ಹೆಮ್ಮೆ ಯಾವತ್ತೂ ಬಂದಿರಲಿಲ್ಲ.

"ನಿಮ್ಮ ಲ್ಯಾಪ್‌ಟಾಪ್ ಕೆಳಗೆ ತನ್ನಿ ಸಂಜೀವ, ಹೆಂಡತೀನೂ ಕರ್ಕೊಂಡು ಬನ್ನಿ" ಎಂದರು ಇವರು. "ಯಾವುದು ಸರಿ ಅಂತ ಈ ಸಲ ಒಟ್ಟಿಗೆ ಕೂತು ನೋಡೋಣ."

ಸಂಜೀವ ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಓಡಿದರು.