ಮೊಲದ ವರ್ಷದ ಕೆಂಪು ಬೆಲ್ಟು

ನನ್ನ ಗಂಡ ಹಾಂಗ್‌ನ ಕೆಂಪು ಬೆಲ್ಟಿಗೆ ಮೂರನೇ ತೂತು ಹಾಕಿದ ದಿನ ನನ್ನ ತಾಳ್ಮೆ ಕೆಟ್ಟಿತು.

ಆ ಬೆಲ್ಟನ್ನು ಹೊಸ ವರ್ಷದ ದಿನ ನಾನೇ ಅವನ ಸೊಂಟಕ್ಕೆ ಕಟ್ಟಿದ್ದೆ. ನಮ್ಮಲ್ಲಿ ವರ್ಷಕ್ಕೊಂದು ಪ್ರಾಣಿ, ಒಟ್ಟು ಹನ್ನೆರಡು. ಹುಟ್ಟಿದ ಪ್ರಾಣಿಯ ವರ್ಷ ಹನ್ನೆರಡಕ್ಕೊಮ್ಮೆ ತಿರುಗಿ ಬಂದಾಗ ಅದು ಕೆಟ್ಟ ವರ್ಷ. ಮೈಮೇಲೆ ಏನಾದರೊಂದು ಕೆಂಪು ಇರಬೇಕು, ಅದನ್ನು ತಾನೇ ಕೊಂಡುಕೊಳ್ಳಬಾರದು, ಮನೆಯವರು ಕೊಡಬೇಕು. ಹಾಂಗ್ ಮೊಲದವನು. ಅದು ಮೊಲದ ವರ್ಷ, ಅವನಿಗೆ ಅರವತ್ತು. ಕಟ್ಟಿದಾಗ ಬಿಗಿಯಾಗಿದ್ದ ಬೆಲ್ಟು ಏಳನೇ ತಿಂಗಳ ಹೊತ್ತಿಗೆ ಮೂರು ತೂತು ಒಳಗೆ ಹೋಗಿತ್ತು. ಪ್ರತಿ ಸಲವೂ ಒಲೆಯ ಮೇಲೆ ಮೊಳೆ ಕಾಯಿಸಿ ತೂತು ಹಾಕಿದವಳು ನಾನೇ.

"ಇನ್ನೊಂದು ತೂತು ಹಾಕಿದ್ರೆ ಈ ಬೆಲ್ಟನ್ನ ನಾಯಿಗೆ ಕಟ್ಟಬಹುದು," ಅಂದೆ.

"ನಮ್ಮನೇಲಿ ನಾಯಿ ಇಲ್ವಲ್ಲ," ಅಂದ ಹಾಂಗ್. ಅವನು ಹಾಗೆಯೇ. ಜಗಳಕ್ಕೆ ಕರೆದರೆ ಬಾಗಿಲವರೆಗೆ ಬರುತ್ತಾನೆ, ಒಳಗೆ ಬರುವುದಿಲ್ಲ.

ನಾಲ್ಕನೇ ತಿಂಗಳಲ್ಲಿ ಅವನ ಹಳೆಯ ಫ್ಯಾನ್ ಕಾರ್ಖಾನೆಯವರು ನಿವೃತ್ತರಿಗೆಲ್ಲ ಆರೋಗ್ಯ ತಪಾಸಣೆ ಮಾಡಿಸಿದ್ದರು. ಮಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಇದೆ, ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ ಕರುಳಿಗೆ ನಳಿಕೆ ಹಾಕಿ ನೋಡಿಸಿಕೊಳ್ಳಿ ಅಂತ ಪತ್ರ ಬಂತು. ಹಾಂಗ್ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ. "ವರ್ಷ ಮುಗೀಲಿ," ಅಂದ.

ಅವನ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಅವನ ಅಪ್ಪನೂ ಮೊಲದವನು. ಹಾಂಗ್‌ಗೆ ಹನ್ನೆರಡಿದ್ದಾಗ, ಅಂಥದ್ದೇ ಮೊಲದ ವರ್ಷದಲ್ಲಿ, ಹೊಟ್ಟೆಯ ಹುಣ್ಣು ಕೊಯ್ಯಿಸಿಕೊಳ್ಳಲು ಆಸ್ಪತ್ರೆಗೆ ನಡೆದುಕೊಂಡು ಹೋದ ಅಪ್ಪ ಚಾಪೆಯಲ್ಲಿ ಸುತ್ತಿಸಿಕೊಂಡು ಮನೆಗೆ ಬಂದ. ನಿನ್ನ ವರ್ಷದಲ್ಲಿ ಆಸ್ಪತ್ರೆಯ ಹೊಸ್ತಿಲು ತುಳಿಯಬೇಡ ಅಂತ ಅಮ್ಮ ಮಗನ ಕೈಯಲ್ಲಿ ಅವತ್ತೇ ಆಣೆ ಹಾಕಿಸಿದಳು. ಹನ್ನೆರಡರ ಹುಡುಗ ಹಾಕಿದ ಆಣೆಯನ್ನು ಅರವತ್ತರ ಮುದುಕ ಹೊತ್ತುಕೊಂಡು ತಿರುಗುತ್ತಿದ್ದ. ಸಾಲದ್ದಕ್ಕೆ ಅವನ ಅರವತ್ತರ ಆ ವರ್ಷ ಅಧಿಕ ಮಾಸ. ಎರಡನೇ ತಿಂಗಳು ಎರಡು ಸಲ ಬಂದು, ಕೆಟ್ಟ ವರ್ಷಕ್ಕೆ ಹದಿಮೂರು ತಿಂಗಳಾಗಿತ್ತು. ಆ ಹೆಚ್ಚಿನ ತಿಂಗಳನ್ನು ನಾನು ಬೈದಷ್ಟು ಯಾವ ಮನುಷ್ಯನನ್ನೂ ಬೈದಿಲ್ಲ.

ನಾನೇನು ದೊಡ್ಡ ವಿಚಾರವಂತೆ ಅಂದುಕೊಳ್ಳಬೇಡಿ. ನಮ್ಮೂರು ಶುಂಡೆಯ ಮಾರುಕಟ್ಟೆಯಲ್ಲಿ ಬೆಳಗಿನ ಗಂಜಿ ಮಾರುವವಳು ನಾನು, ನನಗೂ ಇದರಲ್ಲೆಲ್ಲ ನಂಬಿಕೆ ಇದೆ. ನಮ್ಮ ಬೀದಿಯ ಪೂನ್ ಅಜ್ಜ ತನ್ನ ಗಿಡಮೂಲಿಕೆ ಅಂಗಡಿಯಿಂದ ಪ್ರತಿ ಹೊಸ ವರ್ಷಕ್ಕೂ ಒಂದು ಕ್ಯಾಲೆಂಡರು ಹಂಚುತ್ತಾನೆ. ಕೆಳಗೆ ಹನ್ನೆರಡು ಮನೆ, ಹನ್ನೆರಡು ಪ್ರಾಣಿ. ಯಾರ ಮೈಗೆ ಏನು ಬಾಧೆ, ಏನು ತಿನ್ನಬೇಕು, ಏನು ಬಿಡಬೇಕು ಅಂತ ಅವನೇ ಕೂತು ಬರೆಯುತ್ತಾನೆ. ಆ ವರ್ಷ ಮೊಲದ ಮನೆಯಲ್ಲಿ ಹೀಗಿತ್ತು: ಪಿತ್ತಕೋಶ ಸೂಕ್ಷ್ಮ, ಸೊಪ್ಪು ಚೆನ್ನಾಗಿ ತಿನ್ನಿ, ಹಬೆಯಲ್ಲಿ ಬೇಯಿಸಿದ ಮೀನು, ಪೇರ್ ಹಣ್ಣಿನ ಸಾರು ಒಳ್ಳೆಯದು, ಹರಿತವಾದದ್ದರಿಂದ ದೂರವಿರಿ, ಕೋಳಿ ಮುಟ್ಟಬೇಡಿ. ನಾನು ಏಳು ತಿಂಗಳು ಅಕ್ಷರ ತಪ್ಪದೆ ಹಾಗೇ ಬೇಯಿಸಿ ಹಾಕಿದೆ. ಕೋಳಿ ಇಲ್ಲದೆ ಹಬ್ಬವೇ ಆಗದ ನಮ್ಮೂರಿನಲ್ಲಿ ಹಬ್ಬಗಳೆಲ್ಲ ಸಪ್ಪಗೆ ಕಳೆದವು.

ಮೊಲಕ್ಕೂ ಕೋಳಿಗೂ ಆಗಿಬರುವುದಿಲ್ಲ, ಎದುರುಬದುರು ಕೂತ ಪ್ರಾಣಿಗಳು ಅವು. ನಾನು ಕೋಳಿ ವರ್ಷದವಳು.

ಇದನ್ನು ಹೇಳಿದ ಮೇಲೆ ನನ್ನ ಅತ್ತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮದುವೆ ಬೇಡವೆಂದು ಮೂರು ದಿನ ಊಟ ಬಿಟ್ಟಿದ್ದಳು. ಆಮೇಲೆ ನಮ್ಮ ಮನೆಯಲ್ಲಿ ಬಟ್ಟಲು ಒಡೆದರೆ ಕೋಳಿಯಿಂದ, ಹಾಂಗ್‌ಗೆ ಕೆಮ್ಮು ಬಂದರೆ ಕೋಳಿಯಿಂದ. ನನ್ನ ಮೊದಲ ಬಸಿರು ನಿಲ್ಲದೆ ಹೋದಾಗ ಅವಳು ಬಾಗಿಲಲ್ಲಿ ನಿಂತು, "ನಾನು ಮೊದಲೇ ಹೇಳಿರಲಿಲ್ವಾ," ಅಂದಳು. ಆ ಮಾತು ನನ್ನಲ್ಲಿ ಇಂದಿಗೂ ಹಸಿಯಾಗಿದೆ. ಅತ್ತೆ ತೀರಿಕೊಂಡು ಹತ್ತು ವರ್ಷವಾಯಿತು. ಈಗ ಹಾಂಗ್ ಕರಗುತ್ತಿದ್ದುದನ್ನು ನೋಡುವಾಗ, ಪಾಪಿ ನಾನು, ಅವಳು ಹೇಳಿದ್ದೇ ನಿಜವಾ, ನಾನೇ ಇವನನ್ನು ತಿಂದೆನಾ ಅಂತ ಎಷ್ಟೋ ಸಲ ಅನ್ನಿಸಿತು. ಗಂಜಿ ತಿರುವುತ್ತಾ ಅಳುತ್ತಿದ್ದೆ. ಗಿರಾಕಿಗಳು ಕೇಳಿದರೆ ಹೊಗೆ ಅನ್ನುತ್ತಿದ್ದೆ, ಗ್ಯಾಸ್ ಒಲೆಯ ಮುಂದೆ ನಿಂತುಕೊಂಡು.

ಮೂರನೇ ತೂತು ಹಾಕಿದ ದಿನ ನಾನು ನೇರ ಪೂನ್ ಅಜ್ಜನ ಅಂಗಡಿಗೆ ಹೋದೆ. ಅವನು ತಕ್ಕಡಿಯಲ್ಲಿ ಒಣಗಿದ ಸೇವಂತಿಗೆ ತೂಗುತ್ತಿದ್ದ. ತಪಾಸಣೆಯ ಪತ್ರದ ವಿಷಯ ಹೇಳಿದೆ.

"ಅಜ್ಜಾ, ಒಂದು ಸುಳ್ಳು ಬರ್ಕೊಡಿ," ಅಂದೆ. "ಮೊಲದೋರು ಈ ತಿಂಗಳು ಆಸ್ಪತ್ರೆಗೆ ಹೋದ್ರೆ ಒಳ್ಳೇದು ಅಂತ. ನಿಮ್ಮ ಕೈಬರಹ ಇದ್ರೆ ಅವ್ನು ನಂಬ್ತಾನೆ."

"ನಲವತ್ತು ವರ್ಷದಿಂದ ಬರೀತಿದ್ದೀನಿ," ಅಂದ ಅಜ್ಜ. "ನಿನ್ನ ಗಂಡನ ಮೊಂಡುತನಕ್ಕೆ ನಾನು ಬರವಣಿಗೆ ಕೆಡಿಸ್ಕೊಳ್ಲಾ?"

"ನಿಮ್ಮ ಬರವಣಿಗೆ ಉಳೀಲಿ, ನನ್ನ ಗಂಡ ಹೋಗ್ಲಿ. ಅಷ್ಟೇ ತಾನೆ?"

ಅಜ್ಜ ತಕ್ಕಡಿ ಕೆಳಗಿಟ್ಟ. ನನ್ನ ಮುಖ ನೋಡಿ ಮೆತ್ತಗಾದ. "ನಾನು ಬರೆದದ್ದು ಊಟಕ್ಕಮ್ಮ, ಸೊಪ್ಪು ತಿನ್ನಿ ಅಂದೆ. ರಕ್ತ ಹೋದ್ರೆ ಮನೇಲೇ ಕೂತಿರಿ ಅಂತ ಎಲ್ಲಿ ಬರೆದಿದ್ದೀನಿ? ಇರ್ಲಿ, ಅವನು ಹುಟ್ಟಿದ್ದು ಯಾವತ್ತು, ಹೇಳು."

"ಅರವತ್ತಮೂರನೇ ಇಸವಿ. ಹೊಸ ವರ್ಷ ಆದ ಐದನೇ ದಿನ."

ಅವನು ಏಣಿ ಹತ್ತಿ ಹಳದಿಗಟ್ಟಿದ ಹಳೆಯ ಪಂಚಾಂಗ ಇಳಿಸಿದ. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದ, ಒಂದು ಕಡೆ ನಿಂತ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

"ಆ ವರ್ಷ ವಸಂತ ಶುರುವಾಗಿದ್ದು ಹನ್ನೊಂದನೇ ದಿನ," ಅಂದ. "ನಿಮ್ಮಂಥೋರು ಪ್ರಾಣಿ ಬದಲಾಗೋದು ಹೊಸ ವರ್ಷದ ದಿನ ಅಂತೀರಿ. ಪಂಚಾಂಗ ಹಿಡಿದು ಜಾತಕ ನೋಡೋರು ವಸಂತ ಶುರುವಾದ ದಿನ ಅಂತಾರೆ. ನಿನ್ನ ಗಂಡ ಐದನೇ ದಿನ ಹುಟ್ಟಿದ್ರೆ, ಆ ಲೆಕ್ಕದಲ್ಲಿ ಮೊಲ ಇನ್ನೂ ಬಂದೇ ಇಲ್ಲ, ಹಿಂದಿನ ಹುಲಿ ವರ್ಷಾನೇ ನಡೀತಿತ್ತು. ಅವನು ಹುಲಿ."

"ಹಾಂಗ್ ಹುಲಿನಾ?" ಅಂದೆ. ಜಿರಳೆ ಬಂದರೆ ನನ್ನನ್ನು ಕರೆಯುವವನು ಅವನು.

"ಒಂದು ಲೆಕ್ಕದಲ್ಲಿ. ಯಾವುದು ಸರಿ ಅಂತ ನನ್ನನ್ನ ಕೇಳಬೇಡ, ಇಬ್ಬರೂ ಸಾವಿರ ವರ್ಷದಿಂದ ಜಗಳ ಆಡ್ತಿದ್ದಾರೆ."

ನಾನು ಹೊರಡಬೇಕಿತ್ತು, ಹೊರಡಲಿಲ್ಲ. ಇನ್ನೊಂದು ಪ್ರಶ್ನೆ ಉಳಿದಿತ್ತು. "ಅಜ್ಜಾ, ಹುಲಿಗೂ ಕೋಳಿಗೂ ಹೇಗೆ?"

"ಹುಲಿಗೆ ಎದುರು ಕೋತಿ. ಕೋಳಿ ಜೊತೆ ಅಂಥದ್ದೇನಿಲ್ಲ. ಯಾಕೆ?"

ಅಂಥದ್ದೇನಿಲ್ಲವಂತೆ. ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಮದುವೆಯಾದ ಮೂವತ್ತೊಂದು ವರ್ಷ ನನ್ನ ತಲೆಯ ಮೇಲೆ ಇದ್ದದ್ದು ಒಂದು ಏಣಿ ಹತ್ತಿ ಇಳಿಯುವಷ್ಟರಲ್ಲಿ ಕೆಳಗೆ ಬಿತ್ತು. ಹಗುರವಾಗಬೇಕಿತ್ತು, ಬದಲಿಗೆ ಮೈಯೆಲ್ಲ ಉರಿಯಿತು. ಯಾರಾದರೂ ಒಬ್ಬರು, ಒಂದೇ ಒಂದು ಸಲ, ಈ ಪಂಚಾಂಗ ತೆಗೆದು ನೋಡಬಾರದಿತ್ತೇ?

ಬರುವ ದಾರಿಯಲ್ಲಿ ಕೋಳಿ ಕೊಂಡೆ. ಮನೆಗೆ ಬಂದು ಅತ್ತೆಯ ಫೋಟೋದ ಮುಂದೆ ಮೂರು ಊದುಬತ್ತಿ ಹಚ್ಚಿದೆ. "ಅತ್ತೆ, ನಿಮ್ಮ ಮಗ ಹುಲಿಯಂತೆ," ಅಂದೆ. "ನೀವು ಹೆತ್ತಿದ್ದೇನು ಅಂತ ನಿಮಗೇ ಗೊತ್ತಿರಲಿಲ್ಲ. ಬೈದಿದ್ದೆಲ್ಲ ವಾಪಸ್ ತಗೊಳ್ಳಿ." ಬೂದಿ ಉದುರಿ ನನ್ನ ಕೈ ಸುಟ್ಟಿತು. ಸತ್ತ ಮೇಲೂ ಅವಳು ಸೋಲುವವಳಲ್ಲ.

ಕೋಳಿಯನ್ನು ಇಡಿಯಾಗಿ ಬೇಯಿಸಿ, ತಣ್ಣೀರಿಗೆ ಹಾಕಿ, ಕೊಚ್ಚಿ, ಶುಂಠಿ-ಈರುಳ್ಳಿ ಎಣ್ಣೆಯ ಜೊತೆ ಮೇಜಿನ ಮೇಲಿಟ್ಟೆ. ಹಾಂಗ್ ತಟ್ಟೆಯನ್ನೂ ನನ್ನನ್ನೂ ನೋಡಿದ.

"ಒಂದು ಕೋಳಿ ಮನೇಲೇ ಇದೆಯಲ್ಲ," ಅಂದ. "ತಟ್ಟೇಲೂ ಬೇಕಾ?"

ನಾನು ಎಲ್ಲ ಹೇಳಿದೆ. ಐದನೇ ದಿನ, ಹನ್ನೊಂದನೇ ದಿನ, ಎರಡು ಲೆಕ್ಕ. ಪೂನ್ ಅಜ್ಜ ಪಂಚಾಂಗ ತೆರೆದು ತೋರಿಸಿದ್ದನ್ನೂ ಹೇಳಿದೆ. ಅಜ್ಜ ಯಾವುದು ಸರಿ ಎಂದು ಹೇಳಲಿಲ್ಲ ಅನ್ನುವುದನ್ನು ಮಾತ್ರ ಬಿಟ್ಟೆ.

"ಅರವತ್ತು ವರ್ಷ ಸೊಪ್ಪು ತಿಂದೋನು ನಾನು," ಅಂದ ಹಾಂಗ್.

"ಹುಲಿಗೆ ಸೊಪ್ಪು ಹಾಕಿದ್ರೆ ಸೊರಗದೆ ಇನ್ನೇನಾಗುತ್ತೆ? ಕ್ಯಾಲೆಂಡರಲ್ಲಿ ಹುಲಿ ಮನೆ ಓದು."

ಅವನು ಎದ್ದು ಹೋಗಿ ಕಣ್ಣು ಕಿರಿದು ಮಾಡಿ ಓದಿದ. "ಹುಲಿಯವರು ನೋವು ಮುಚ್ಚಿಡುತ್ತಾರೆ, ಮುಚ್ಚಿಡಬಾರದು. ಮಾಂಸ ಹಿತವಾಗಿ." ಆ ಕ್ಯಾಲೆಂಡರಿನ ಹಿಂದೆಯೇ ಆಸ್ಪತ್ರೆಯ ಪತ್ರ ಇತ್ತು. ಅವನು ಅದರ ಅಂಚನ್ನು ಬೆರಳಲ್ಲಿ ಮುಟ್ಟಿದ, ತೆಗೆಯಲಿಲ್ಲ.

"ಅಮ್ಮನಿಗೆ ಆಣೆ ಹಾಕಿದ್ದೀನಿ, ಕ್ವಾನ್."

"ನಿನ್ನ ವರ್ಷದಲ್ಲಿ ಹೋಗಲ್ಲ ಅಂತ ಆಣೆ. ಇದು ನಿನ್ನ ವರ್ಷವೇ ಅಲ್ಲ." ಇಷ್ಟು ಹೊತ್ತು ಗಟ್ಟಿಯಾಗಿದ್ದ ನನ್ನ ದನಿ ಅಲ್ಲಿಗೆ ಒಡೆಯಿತು. "ಹುಲಿನೋ ಮೊಲಾನೋ ನಂಗ್ಯಾಕೆ ಬೇಕು. ನಾಲ್ಕನೇ ತೂತು ನನ್ನ ಕೈಲಿ ಹಾಕಕ್ಕಾಗಲ್ಲ. ನಂಗೆ ಭಯ ಆಗ್ತಿದೆ."

ಹಾಂಗ್ ಬಂದು ಕೂತ. ಆಮೇಲೆ ಕೋಳಿಯ ಕಾಲಿನ ತುಂಡು ಎತ್ತಿ ಎಣ್ಣೆಯಲ್ಲಿ ಅದ್ದಿ ತಿಂದ. ಎಲುಬನ್ನು ನೀಟಾಗಿ ಬಟ್ಟಲಿನ ಪಕ್ಕದಲ್ಲಿಟ್ಟ. "ಯಾವತ್ತು ಹೋಗೋಣ?" ಅಂದ.

ಮಾರನೆಯ ವಾರ ಹೋದೆವು. ಆಸ್ಪತ್ರೆಯ ಹೊಸ್ತಿಲಲ್ಲಿ ಅವನು ನಿಂತ, ನಾನು ಕೈ ಹಿಡಿದೆ, ಅವನು ದಾಟಿದ. ನಳಿಕೆ ಹಾಕಿ ನೋಡಿದಾಗ ಕರುಳಿನಲ್ಲಿ ಗಂಟಿತ್ತು. ಎಂಟನೇ ತಿಂಗಳ ಹುಣ್ಣಿಮೆಗೆ ಬರುವ ಮಧ್ಯಶರತ್ತಿನ ಹಬ್ಬ ಮುಗಿದ ಮೇಲೆ ಆ ಭಾಗ ಕೊಯ್ದು ತೆಗೆದರು. ಅವನು ಒಳಗಿದ್ದ ನಾಲ್ಕು ಗಂಟೆ ನಾನು ಬೆಂಚಿನ ಮೇಲೆ ಅವನ ಕೆಂಪು ಬೆಲ್ಟನ್ನು ಕೈಗೆ ಸುತ್ತಿಕೊಂಡು ಕೂತಿದ್ದೆ. ಹುಲಿಯ ದೇವರಿಗೂ ಬೇಡಿಕೊಂಡೆ, ಮೊಲದ ದೇವರಿಗೂ ಬೇಡಿಕೊಂಡೆ. ಕೊನೆಗೆ ಅತ್ತೆಯನ್ನೂ ಬೇಡಿಕೊಂಡೆ. ಎಷ್ಟಾದರೂ ಅವಳ ಮಗ. ಡಾಕ್ಟರಮ್ಮ ಹೊರಗೆ ಬಂದು, "ಈಗ ಬಂದಿದ್ದು ಒಳ್ಳೇದಾಯ್ತು. ಹೊಸ ವರ್ಷದವರೆಗೆ ಬಿಟ್ಟಿದ್ರೆ ನಾನು ಬೇರೆ ಮಾತು ಹೇಳ್ಬೇಕಾಗ್ತಿತ್ತು," ಅಂದಳು. ನಾನು ಅವಳ ಕೋಟಿನ ತೋಳು ಹಿಡಿದು ಅತ್ತುಬಿಟ್ಟೆ, ನಾಚಿಕೆ ಬಿಟ್ಟು.

ಆರನೇ ದಿನ ಹಾಂಗ್ ದಿಂಬಿಗೊರಗಿ ಕೂತು ಗಂಜಿಯ ತಿಳಿ ಕುಡಿಯುತ್ತಿದ್ದ. ಪಕ್ಕದ ಹಾಸಿಗೆಯ ಮುದುಕ ಮಾತಿಗೆಳೆದ.

"ಯಾವ ಪ್ರಾಣಿ, ಅಣ್ಣಾ ನೀವು?"

"ಮೊಲ," ಅಂದ ಹಾಂಗ್.

"ಅಯ್ಯೋ, ನಿಮ್ಮ ವರ್ಷದಲ್ಲೇ ಚಾಕು ಹಾಕಿಸ್ಕೊಂಡ್ರಾ? ಧೈರ್ಯವಂತರಪ್ಪ."

ಹಾಂಗ್ ನಕ್ಕ. ನನಗೆ ಪಿತ್ತ ನೆತ್ತಿಗೇರಿತು. ಮುದುಕ ಗೋಡೆಯ ಕಡೆ ತಿರುಗುವವರೆಗೆ ಕಾದು, ಬಗ್ಗಿ ಮೆತ್ತಗೆ ಬೈದೆ. "ಹುಲಿ ಅಂತ ಹೇಳಕ್ಕೆ ಬಾಯಿ ಬರಲ್ವಾ? ಬದುಕ್ಕೊಂಡಿದ್ದು ಅದ್ರಿಂದ. ನಿಮ್ಮಮ್ಮ ಸಾಯೋವರೆಗೂ ನನ್ನನ್ನ ಸುಟ್ಟಳು, ಒಂದು ತಪ್ಪು ಲೆಕ್ಕ ಇಟ್ಕೊಂಡು. ಈಗ್ಲಾದ್ರೂ ಹೇಳು, ನೀನು ಮೊಲ ಅಲ್ಲ ಅಂತ."

"ಪೂನ್ ಅಜ್ಜ ಎರಡು ಲೆಕ್ಕ ಇದೆ ಅಂದಿರ್ಬೇಕು. ನೀನು ಒಂದನ್ನ ಮನೆಗೆ ತಂದೆ," ಅಂದ ಅವನು. ನಾನು ಅವನ ದಿಂಬು ಸರಿಮಾಡತೊಡಗಿದೆ. "ಹೊಸ್ತಿಲು ದಾಟಕ್ಕೆ ಹುಲಿ ಬೇಕಿತ್ತು, ಆದೆ. ಆಯ್ತಲ್ಲ. ಈಗ ನನ್ನನ್ನ ಮೊಲಾನೇ ಮಾಡಿಬಿಡು."

"ಯಾಕೆ?"

ಅವನು ಬಟ್ಟಲನ್ನು ನನ್ನ ಕೈಗೆ ಕೊಟ್ಟ. "ಮದುವೆಗೆ ಮುಂಚೆ ಅಮ್ಮ ನನ್ನ ಒಬ್ಬನನ್ನೇ ಕೂರಿಸ್ಕೊಂಡು ಹೇಳಿದ್ಲು. ಕೋಳಿ ಹುಡುಗೀನ ತಂದ್ರೆ ನಿನ್ನ ಆಯಸ್ಸು ಅರ್ಧ ಆಗುತ್ತೆ ಅಂತ. ನಿಂಗೆ ಇದನ್ನ ನಾನು ಹೇಳಿಲ್ಲ. ನಾನು ಅಮ್ಮನ ಮಾತು ನಂಬಿದ್ದೆ, ಕ್ವಾನ್. ಪೂರ್ತಿ ನಂಬಿದ್ದೆ. ಒಂದಿಡೀ ದಿನ ಯೋಚನೆ ಮಾಡಿ, ಅರ್ಧ ಸಾಕು ಅಂದ್ಕೊಂಡು ಹೂಂ ಅಂದೆ." ಅವನು ನನ್ನನ್ನು ನೋಡದೆ ಹೊದಿಕೆ ಸರಿಮಾಡಿಕೊಂಡ. "ಜೀವಮಾನದಲ್ಲಿ ನಾನು ಮಾಡಿದ ಧೈರ್ಯದ ಕೆಲಸ ಅದೊಂದೇ. ಹುಲಿ ಆಗಿಬಿಟ್ರೆ ಅದ್ರಲ್ಲೇನಿದೆ?"

ಮೂವತ್ತೊಂದು ವರ್ಷ ನಾನು ಅತ್ತೆಯ ಮಾತನ್ನಷ್ಟೇ ಎಣಿಸಿಟ್ಟುಕೊಂಡಿದ್ದೆ. ಈ ಮಾತು ಅದೇ ಮನೆಯಲ್ಲಿ, ಅದೇ ಹಾಸಿಗೆಯ ಮೇಲೆ, ನನ್ನ ಪಕ್ಕದಲ್ಲೇ ಮಲಗಿತ್ತು. ನನಗೆ ಗೊತ್ತಿರಲಿಲ್ಲ.

ನಾನು ಚೀಲದಿಂದ ಕೆಂಪು ಬೆಲ್ಟು ತೆಗೆದೆ. ಹೊಲಿಗೆಯ ಮೇಲೆ ಬಿಗಿಯಬಾರದೆಂದು ಸಡಿಲವಾಗಿ, ಅಂಗಿಯ ಹೊರಗೆ, ನಾನು ಹಾಕಿದ ಮೂರೂ ತೂತು ಬಿಟ್ಟು ಅಂಗಡಿಯವನು ಹಾಕಿದ್ದ ಮೊದಲ ತೂತಿಗೆ ಸಿಕ್ಕಿಸಿದೆ.

"ವರ್ಷ ಮುಗಿಯಕ್ಕೆ ಇನ್ನೂ ನಾಲ್ಕು ತಿಂಗಳಿದೆ," ಅಂದೆ. "ಬಿಚ್ಚಬೇಡ."