ಬೂಟು ದೊರೆಯ ಎಡಗಿವಿ

ಗಂಡನ ಹೆಸರು ಹೇಳಬಾರದು ಎಂದು ಹಿರಿಯರು ಕಲಿಸಿದ್ದಾರೆ. ಬರೆಯಬಾರದು ಎಂದು ಯಾರೂ ಹೇಳಿಲ್ಲ. ಪರಮೇಶಪ್ಪ. ‘ಬೆಟ್ಟದ ಸುದ್ದಿ’ ಪತ್ರಿಕೆಯಲ್ಲಿ ವಾರವಾರವೂ ಬರುತ್ತಿದ್ದ ಬೂಟು ದೊರೆಯ ಚಿತ್ರಗಳನ್ನು ಮಾಡಿದವರು ಇವರೇ. ಕೈಯಲ್ಲಿ ಅಷ್ಟು ಕಲೆಯಿದ್ದ ಮನುಷ್ಯನಿಗೆ, ಉಳಿ ಹಿಡಿದು ಕೂತರೆ, ಎಡ ಯಾವುದು ಬಲ ಯಾವುದು ಎಂಬುದೇ ತಿಳಿಯುತ್ತಿರಲಿಲ್ಲ.

ನಾವು ಶನಿವಾರಸಂತೆ ಕಡೆಯವರು. ಮದುವೆಯಾದ ವರ್ಷವೇ ಇವರಿಗೆ ಅಮ್ಮತ್ತಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಕೆಲಸ ಸಿಕ್ಕಿತು. ಬೆಳಿಗ್ಗೆ ಮಸ್ಟರಿನಲ್ಲಿ ಆಳುಗಳ ಹೆಸರು ಕೂಗುವುದು, ಸಂಜೆ ಯಾರು ಎಷ್ಟು ಹಣ್ಣು ಕೊಯ್ದರೆಂದು ಬರೆಯುವುದು, ನಡುವೆ ಎಸ್ಟೇಟಿನ ಬಿಳಿ ದೊರೆ ಏನೇ ಅಂದರೂ ‘ಎಸ್ ಸರ್’ ಎನ್ನುವುದು. ಆ ಎಸ್ ಸರ್‌ಗಳೆಲ್ಲ ಹೊಟ್ಟೆಯೊಳಗೆ ಕೂತು ಹುಳಿಯುತ್ತಿದ್ದವೋ ಏನೋ, ಭಾನುವಾರ ಮಧ್ಯಾಹ್ನ ಕ್ವಾರ್ಟರ್ಸಿನ ಬಾಗಿಲು ಹಾಕಿಕೊಂಡು ತೇಗದ ಹಲಗೆಯ ಮೇಲೆ ಉಳಿ ಆಡಿಸುತ್ತಿದ್ದರು. ನಾಲ್ಕು ಚೌಕ, ನಾಲ್ಕರಲ್ಲೂ ನಮ್ಮ ದೊರೆಯನ್ನೇ ಅಣಕಿಸುವ ಬೂಟು ದೊರೆ. ಮಡಿಕೇರಿಯ ಆ ಸಣ್ಣ ಪ್ರೆಸ್ಸಿನಲ್ಲಿ ಚಿತ್ರದ ಬ್ಲಾಕು ಮಾಡುವ ಯಂತ್ರ ಇರಲಿಲ್ಲ. ಮರದಲ್ಲಿ ಕೆತ್ತಿ ಕಳಿಸಿದರೆ ಅದನ್ನೇ ಅಚ್ಚಿನ ಮೊಳೆಗಳ ಜೊತೆ ಕೂರಿಸಿ ಒತ್ತುತ್ತಿದ್ದರು. ಬ್ಲಾಕು ಕಿತ್ತಳೆ ಬುಟ್ಟಿಯ ತಳದಲ್ಲಿ ಅಡಗಿ ಬಸ್ಸಿನಲ್ಲಿ ಹೋಗುತ್ತಿತ್ತು, ಮತ್ತೆ ವಾಪಸು ಬರುತ್ತಿರಲಿಲ್ಲ. ಚಿತ್ರದ ಕೆಳಗೆ ಹೆಸರೂ ಇರುತ್ತಿರಲಿಲ್ಲ.

ಮುದ್ರೆಯುಂಗುರ ನೋಡಿದವರಿಗೆ ಗೊತ್ತು, ಕೆತ್ತಿದ್ದು ಅಚ್ಚಿನಲ್ಲಿ ತಿರುಗಿ ಬೀಳುತ್ತದೆ. ಕೆತ್ತುವಾಗಲೇ ತಿರುವಿ ಕೆತ್ತಬೇಕು. ಇವರು ಕಂಡದ್ದನ್ನು ಕಂಡ ಹಾಗೇ ಕೆತ್ತುತ್ತಿದ್ದರು. ಹೀಗಾಗಿ ಪತ್ರಿಕೆಯಲ್ಲಿ ಎಲ್ಲರೂ ಎಡಚರು. ಉಣ್ಣುವುದೂ ಎಡಗೈ, ಬರೆಯುವುದೂ ಎಡಗೈ. ನಮ್ಮ ದೊರೆಗೆ ಹರಿದದ್ದು ಎಡಗಿವಿ, ಬೂಟು ದೊರೆಗೆ ಮಾತ್ರ ಬಲಗಿವಿ.

ಆ ತಪ್ಪೇ ನಮ್ಮನ್ನು ಕಾಯುತ್ತಿತ್ತು. ದೊರೆಗಳ ಕ್ಲಬ್ಬಿನಲ್ಲಿ ಯಾರೋ ಪತ್ರಿಕೆ ತೋರಿಸಿ ‘ಇದು ನೀನೇ’ ಎಂದರಂತೆ. ನಮ್ಮ ದೊರೆ ತನ್ನ ಎಡಗಿವಿ ಮುಟ್ಟಿಕೊಂಡು, ಚಿತ್ರದ ಬಲಗಿವಿ ತೋರಿಸಿ, ಎಲ್ಲರಿಗಿಂತ ಜೋರಾಗಿ ನಕ್ಕನಂತೆ. (ಆ ಕಾಲದಲ್ಲಿ ಇವನಿಗೆ ಬಹುವಚನ ಕೊಟ್ಟು ಕೊಟ್ಟು ಸಾಕಾಗಿದೆ. ಈಗ ಬರೆಯುವಾಗಲೂ ಕೊಡಲಾರೆ.) ಆ ಕಿವಿಯನ್ನು ಹುಲಿ ಹರಿದದ್ದು ಎಂದು ಅವನು ಊರಿಗೆಲ್ಲ ಹೇಳುತ್ತಿದ್ದ. ಎಸ್ಟೇಟಿನವರಿಗೆ ಮಾತ್ರ ನಿಜ ಗೊತ್ತಿತ್ತು. ಕುಡಿದು ಜಗಲಿಯಲ್ಲಿ ಮಲಗಿದ್ದಾಗ ಅವನೇ ಸಾಕಿದ್ದ ಕೋತಿ ಕಚ್ಚಿದ್ದು.

ಒಂದು ಸಂತೆಯ ದಿನ ‘ಬೆಟ್ಟದ ಸುದ್ದಿ’ಯ ಸಂಪಾದಕ ಬೆಳ್ಳಿಯಪ್ಪನವರು ಅಮ್ಮತ್ತಿಯಲ್ಲಿ ಸಿಕ್ಕಿದರು. ಇವರನ್ನು ಬಟ್ಟೆ ಅಂಗಡಿಯ ಹಿಂದಕ್ಕೆ ಕರೆದರು. ನಾನೂ ಹಿಂದೆಯೇ ಹೋದೆ.

“ಎಂತ ಮಾರಾಯ್ರೇ ರೈಟರೇ, ನಿಮ್ಮ ಚಿತ್ರದ ಮದುವೇಲಿ ಹಿರಿಯರು ಎಡಗೈಯಲ್ಲಿ ಅಕ್ಕಿ ಹಾಕಿ ಹರಸೋದಾ? ನಾಪೋಕ್ಲಿಂದ ಒಬ್ಬರು ಅಜ್ಜ ಪ್ರೆಸ್ಸಿಗೇ ಬಂದು ಬೈದ್ರು. ನಮ್ಮ ಮದುವೆಗೆ ಅಪಶಕುನ ಮಾಡಿದ್ರಿ ಅಂತ ಕೋಲು ಎತ್ತಿದ್ರು. ಇನ್ನು ಮೇಲೆ ಸರಿಯಾಗಿ ತಿರುಗಿಸಿ ಕೆತ್ತಿ. ಇಲ್ಲಾಂದ್ರೆ ನಿಲ್ಲಿಸಬೇಕಾಗ್ತದೆ.”

ಇವರಿಗೆ ಅವಮಾನವಾಯಿತು. ಮನೆಗೆ ಬಂದು ಉಣ್ಣಲಿಲ್ಲ. ಆ ಭಾನುವಾರ ನನ್ನ ತವರಿನ ಕನ್ನಡಿ ಕೇಳಿದರು. ಕಾಗದದ ಮೇಲೆ ಬರೆದ ಚಿತ್ರವನ್ನು ಕನ್ನಡಿಗೆ ಹಿಡಿದು, ಕನ್ನಡಿಯೊಳಗೆ ಕಂಡದ್ದನ್ನು ಹಲಗೆಯಲ್ಲಿ ಕೆತ್ತಿದರು. ಕನ್ನಡಿ ಹಿಡಿದು ಹಿಡಿದು ನನ್ನ ಕೈ ಮರಗಟ್ಟಿತು. ಆದರೆ ಮೊದಲ ಸಲ ಚಿತ್ರ ಸರಿಯಾಯಿತು. ಬೂಟು ದೊರೆ ಹುಲಿಯ ಕಥೆ ಹೇಳುತ್ತಾನೆ, ಹೇಳುತ್ತಾನೆ, ನಾಲ್ಕನೆಯ ಚೌಕದಲ್ಲಿ ಕುರ್ಚಿಯ ಕೆಳಗಿನಿಂದ ಕೋತಿ ಕೈ ಮುಗಿಯುತ್ತದೆ: “ಹುಲಿ ನಾನೇ ಸ್ವಾಮಿ.” ನಾವಿಬ್ಬರೂ ಬಾಯಿಗೆ ಸೆರಗು ಪಂಚೆ ತುರುಕಿಕೊಂಡು ನಕ್ಕೆವು. ಕೈ ಬಲಗೈಯಾಯಿತು ಎಂಬ ಸಂತೋಷದಲ್ಲಿ ಕಿವಿಯೂ ಎಡಗಿವಿಯಾಯಿತೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಪತ್ರಿಕೆ ಹೊರಬಿದ್ದ ಮೇಲಿನ ಸೋಮವಾರ ಮಸ್ಟರಿನ ಅಂಗಳಕ್ಕೆ ದೊರೆ ನಡೆದೇ ಬಂದ. ಕೈಯಲ್ಲಿ ‘ಬೆಟ್ಟದ ಸುದ್ದಿ’. ನಮ್ಮ ಕ್ವಾರ್ಟರ್ಸಿನ ಬಾಗಿಲು ಆ ಅಂಗಳಕ್ಕೇ ತೆರೆಯುತ್ತಿತ್ತು. ನಾನು ಹೊಸಿಲ ಮೇಲೆ ಅಕ್ಕಿ ಆರಿಸುತ್ತಿದ್ದೆ. ಅವನ ಮುಖ ನೋಡಿದವಳೇ ಮೊರ ಕೆಳಗಿಟ್ಟೆ.

“ರೈಟರ್. ಓದು. ಜೋರಾಗಿ ಓದು.”

ಇವರು ಓದಿದರು. ತಾವೇ ಬರೆದ ಮಾತು, ಯಾರನ್ನು ಕುರಿತು ಬರೆದರೋ ಅವನೆದುರಿಗೆ. ದನಿ ಒಂದು ಕಡೆಯೂ ಏರಲಿಲ್ಲ, ಇಳಿಯಲಿಲ್ಲ. “ಹುಲಿ ನಾನೇ ಸ್ವಾಮಿ” ಎಂದಾಗ ಆಳುಗಳ ಸಾಲಿನಲ್ಲಿ ಯಾರೋ ಕೆಮ್ಮಿದರು.

“ಕೋತಿ ವಿಷಯ ಕ್ಲಬ್ಬಲ್ಲಿ ಯಾರಿಗೂ ಗೊತ್ತಿಲ್ಲ,” ಎಂದ ದೊರೆ. “ಇಲ್ಲಿ ಗೊತ್ತು. ಮಾಡಿದವನು ಇಲ್ಲೇ ಇದ್ದಾನೆ. ಯಾರು?”

ದೊರೆ ಲೈನಿನ ಕಡೆಗೆ, ಎಂದರೆ ಆಳುಗಳ ಸಾಲುಮನೆಗಳ ಕಡೆಗೆ ನಡೆದ. ಹೋದವನು ತಿರುಗಿ ಬರುವಾಗ ಲಿಂಗನ ರಟ್ಟೆ ಹಿಡಿದು ತಂದ. ಲಿಂಗ ಮರಗಸಿ ಮಾಡುವ, ಎಂದರೆ ನೆರಳುಮರಗಳ ಕೊಂಬೆ ಸವರುವ ಆಳು. ಯಾರೋ ಓದಿ ತೋರಿಸಿದ ಪತ್ರಿಕೆ ನೋಡಿ ತನ್ನ ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬೂಟು ದೊರೆಯನ್ನು ಆಳೆತ್ತರ ಬರೆದುಕೊಂಡಿದ್ದ. ಮಕ್ಕಳು ಅದಕ್ಕೆ ಸಲಾಮು ಹೊಡೆದು ಆಡುತ್ತಿದ್ದವು.

“ಗೋಡೆದು ನಾನೇ ದೊರೆ. ಕಾಗದದ್ದು ನಾನಲ್ಲ,” ಎಂದು ಲಿಂಗ ಒಂದೇ ಸಮನೆ ಹೇಳುತ್ತಿದ್ದ.

ಇವರು ಮುಂದೆ ಬಂದರು. “ಸರ್, ಗೋಡೆ ಮೇಲೆ ಬಲಗಿವಿ ಹರಿದಿದೆ. ಕಾಗದದಲ್ಲಿ ಎಡಗಿವಿ. ಎರಡೂ ಒಂದೇ ಕೈ ಅಲ್ಲ ಸರ್.”

“ಹಿಂದಿನ ವಾರಗಳಲ್ಲಿ ಬಲಗಿವಿಯೇ ಇತ್ತು. ನಾನು ನೋಡಿದ್ದೇನೆ. ಒಂದೇ ಕೈ.” ದೊರೆ ಮೇಜು ತೋರಿಸಿದ. “ಪೊಲೀಸಿಗೆ ಬರೆ, ರೈಟರ್. ಲಿಂಗನ ಮನೆಯಲ್ಲಿ ಒಂದು ಮೂಟೆ ಕಾಫಿ ಸಿಕ್ಕಿತು. ಕದ್ದ ಕಾಫಿ.”

ಸುಳ್ಳೇ ಆದರೂ, ಕಾಫಿ ಕದ್ದನೆಂದು ಎಸ್ಟೇಟಿನಿಂದ ಒಂದು ಕಾಗದ ಹೋದರೆ ಸಾಕು, ಮತ್ತೆ ಕೇಳುವವರಿಲ್ಲ, ಜೈಲೇ. ಆಗಲೇ ಮೇಸ್ತ್ರಿ ಲಿಂಗನ ಮನೆಯ ಮಡಕೆ ಕುಡಿಕೆಗಳನ್ನು ಹೊರಗೆ ಎಸೆಯುತ್ತಿದ್ದ. ಲಿಂಗನ ಹೆಂಡತಿ ಚಿಕ್ಕಿ ಅಳಲಿಲ್ಲ. ಒಡೆಯದೆ ಉಳಿದ ಒಂದು ಮಡಕೆಯನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ಅಂಗಳಕ್ಕೆ ಬಂದು ನಿಂತಳು. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ಹಾಗಾಗಿತ್ತು. ಮೊಸರು ತಿಂದವರು ನಮ್ಮನೆಯವರು.

ನಿಜ ಹೇಳುತ್ತೇನೆ. ಇವರು ಸುಮ್ಮನಿರಲಿ ಎಂದೇ ನಾನು ಮನಸ್ಸಿನಲ್ಲಿ ಶಿವನಿಗೆ ಅಡ್ಡಬಿದ್ದೆ. ನಮಗೆ ಇದ್ದದ್ದು ಆ ಕ್ವಾರ್ಟರ್ಸು, ಆ ಕೆಲಸ. ಊರಲ್ಲಿ ಪಾಲಿಗೆ ಬಂದದ್ದು ಏನೂ ಇರಲಿಲ್ಲ. ರೈಟರನ ಮೇಲೆ ದೊರೆ ಕಾಫಿ ಕಳವು ಹೊರಿಸಿದರೆ ಇವರೂ ಜೈಲಿಗೇ. ಇವರು ಪೆನ್ನು ಶಾಯಿಯಲ್ಲಿ ಅದ್ದಿದರು. ಸದ್ಯ, ಎಂದುಕೊಂಡೆ. ಇವರು ಪೆನ್ನು ಕೆಳಗಿಟ್ಟರು.

“ಇದನ್ನ ನಾನು ಬರೆಯೋದಿಲ್ಲ ಸರ್. ಚಿತ್ರ ಮಾಡಿದ್ದು ನಾನು.”

ದೊರೆ ನಕ್ಕ. ಆ ನಗುವಿಗೆ ನನ್ನ ಮೈಯೆಲ್ಲ ಉರಿಯಿತು. ಸಿಟ್ಟು ಮಾಡಿದ್ದರೆ ತಾಳಿಕೊಳ್ಳುತ್ತಿದ್ದೆ.

“ನೀನಾ? ಎಸ್ ಸರ್, ಎಸ್ ಸರ್, ನೀನಾ? ಆಳನ್ನು ಉಳಿಸಲು ಸುಳ್ಳು ಹೇಳುತ್ತೀಯ. ಸರಿ. ಇಲ್ಲೇ ಮಾಡು. ನನ್ನ ಮುಖ. ಈ ಕಿವಿ.” ಎಡಗಿವಿಯನ್ನು ಬೆರಳಿನಿಂದ ತಟ್ಟಿದ. “ಕಾಗದದಲ್ಲಿ ಇದ್ದ ಹಾಗೇ ಬರಬೇಕು. ಬಾರದಿದ್ದರೆ ಬಾಯಿ ಮುಚ್ಚಿಕೊಂಡು ಕಳವು ಬರೆಯುತ್ತೀಯ.”

ಇವರು ನನ್ನ ಕಡೆ ತಿರುಗಿದರು. ಮುಖ ಬಿಳುಚಿಕೊಂಡಿತ್ತು. “ಏ ಇವಳೇ, ಉಳಿ ತಗೊಂಡು ಬಾ. ಹಲಗೇನೂ.”

ಒಳಗೆ ಹೋದೆ. ಅಕ್ಕಿ ಪೆಟ್ಟಿಗೆಯ ಹಿಂದೆ ಉಳಿ, ಹಲಗೆ ಇದ್ದವು. ಅವುಗಳ ಮೇಲೆ ಗೋಡೆಗೆ ನನ್ನ ಕನ್ನಡಿ. ಕನ್ನಡಿ ಕೇಳಿರಲಿಲ್ಲ. ಗಾಬರಿಯಲ್ಲಿ ಮರೆತಿದ್ದರು. ಕನ್ನಡಿಯಿಲ್ಲದೆ ಇವರು ಕೆತ್ತಿದರೆ ಏನಾಗುತ್ತದೆಂದು ಇಡೀ ಎಸ್ಟೇಟಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಮತ್ತೆ ಬಲಗಿವಿಯೇ ಹರಿಯುತ್ತದೆ. ದೊರೆ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ, ಇವರನ್ನು ಹುಚ್ಚ ಎಂದು ಬೈದು ಮಸ್ಟರಿಗೆ ಅಟ್ಟುತ್ತಾನೆ. ನಮ್ಮ ಕೆಲಸ ಉಳಿಯುತ್ತದೆ, ಮನೆ ಉಳಿಯುತ್ತದೆ. ಲಿಂಗ ಮಾತ್ರ ಹೋಗುತ್ತಾನೆ. ನನ್ನ ಗಂಡ ತಮ್ಮ ಕೈಲಾದದ್ದು ಮಾಡಿದರು, ಆಗಲಿಲ್ಲ. ಯಾರೂ ಏನೂ ಅನ್ನುವಂತಿಲ್ಲ.

ಉಳಿ, ಹಲಗೆ ಎತ್ತಿಕೊಂಡು ಬಾಗಿಲವರೆಗೂ ಬಂದೆ. ಕನ್ನಡಿ ಮುಟ್ಟಲಿಲ್ಲ. ಬಾಗಿಲಲ್ಲಿ ನಿಂತರೆ ಎದುರಿಗೆ ಚಿಕ್ಕಿ. ಸೊಂಟದ ಮೇಲೆ ಅದೇ ಮಡಕೆ. ನನ್ನ ಬಾಣಂತನದಲ್ಲಿ, ಉಳಿಯದೆ ಹೋದ ಆ ಕೂಸಿನ ಬಾಣಂತನದಲ್ಲಿ, ಅದೇ ಮಡಕೆಯಲ್ಲಿ ಬಿಸಿನೀರು ಹೊತ್ತು ತರುತ್ತಿದ್ದವಳು ಅವಳು. ಅವಳು ನನ್ನನ್ನು ನೋಡಲೂ ಇಲ್ಲ. ನೋಡಿ ಬೇಡಿದ್ದರೆ ನನಗೆ ಸಿಟ್ಟು ಬರುತ್ತಿತ್ತೇನೋ. ಹಾಳಾಗಿ ಹೋಗಲಿ ಎಂದುಕೊಂಡು ಒಳಗೆ ತಿರುಗಿ ಕನ್ನಡಿ ಕಿತ್ತುಕೊಂಡು ಬಂದೆ.

“ರೀ,” ಎಂದೆ, “ಇದನ್ನ ಮರ್ತು ಅದೇನು ಕೆತ್ತೋಕೆ ಹೊರಟಿದ್ರಿ? ಬೆನ್ನು ತಿರುಗಿಸಿ ಕೂತ್ಕಳ್ಳಿ.”

ಇವರಿಗೆ ಆಗ ಅರ್ಥವಾಯಿತು. ದೊರೆ ಕುರ್ಚಿಯಲ್ಲಿ ಕೂತಿದ್ದ. ಇವರು ಅವನಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತರು. ಆ ಎಸ್ಟೇಟಿನಲ್ಲಿ ದೊರೆಗೆ ಬೆನ್ನು ತೋರಿಸಿ ಕೂತವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ನಾನು ಎದುರಿಗೆ ನಿಂತು ದೊರೆಯ ಮುಖ ಕಾಣುವಂತೆ ಕನ್ನಡಿ ಹಿಡಿದೆ. ಇವರು ಕನ್ನಡಿಯೊಳಗಿನ ದೊರೆಯನ್ನು ನೋಡಿ ಕೆತ್ತತೊಡಗಿದರು.

ಮೊದಮೊದಲು ಉಳಿ ಜಾರಿತು. ಹೆಬ್ಬೆರಳು ಕೊಯ್ದು ರಕ್ತ ಹಲಗೆಯ ಮೇಲೆ ಬಿತ್ತು. ಪಂಚೆಯಲ್ಲಿ ಒರೆಸಿಕೊಂಡು ಮತ್ತೆ ಹಿಡಿದರು. ಕೈ ಅಲುಗಿದರೆ ಕೊಲ್ಲುತ್ತೇನೆ ಎಂಬಂತೆ ನಾನು ನನ್ನ ಕೈಯನ್ನೇ ಬೈದುಕೊಳ್ಳುತ್ತಿದ್ದೆ. ಬರಬರುತ್ತಾ ಹುಬ್ಬು ಬಂತು, ಮೂಗು ಬಂತು, ದೊರೆಯ ಆ ಮೂತಿ ಬಂತು. ಹಣ್ಣು ಕೊಯ್ಯಲು ಹೊರಡಬೇಕಾದ ಆಳುಗಳು ಒಬ್ಬರೂ ಕದಲಲಿಲ್ಲ. ಕೊನೆಗೆ ಕಿವಿ. ಕನ್ನಡಿಯಲ್ಲಿ ಕಂಡ ಕಡೆಯಲ್ಲೇ ಒಂದೇ ಏಟಿಗೆ ಹರಿದರು.

ಕಾಫಿ ಮೂಟೆಗೆ ಎಸ್ಟೇಟಿನ ಗುರುತು ಹಾಕುವ ಕಪ್ಪು ಬಣ್ಣ ಅಲ್ಲೇ ಡಬ್ಬಿಯಲ್ಲಿತ್ತು. ಅದನ್ನು ಹಲಗೆಗೆ ಬಳಿದು, ಒಂದು ಖಾಲಿ ಗೋಣಿಯ ಮೇಲೆ ಬೋರಲು ಹಾಕಿ, ಮೊಣಕಾಲೂರಿ ಒತ್ತಿದರು. ಎತ್ತಿದರು. ಗೋಣಿಯನ್ನು ಎರಡೂ ಕೈಯಲ್ಲಿ ಹಿಡಿದು ದೊರೆಯ ಕಡೆ ತಿರುಗಿ ನಿಂತರು.

ಬೂಟು ದೊರೆ. ಎಡಗಿವಿ ಹರಿದ ಬೂಟು ದೊರೆ.

ದೊರೆಯ ಕೈ ತಾನಾಗಿಯೇ ಮೇಲೆದ್ದು ಅವನ ಎಡಗಿವಿಯನ್ನು ಮುಚ್ಚಿಕೊಂಡಿತು. ಮೊದಲು ನಕ್ಕವಳು ಚಿಕ್ಕಿ. ಸೊಂಟದ ಮಡಕೆ ಅಲುಗುವ ಹಾಗೆ ನಕ್ಕಳು. ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಈಗ ಲಿಂಗನ ರಟ್ಟೆ ಹಿಡಿದಿದ್ದ ಮೇಸ್ತ್ರಿಯೂ ಮುಖ ಆಚೆ ತಿರುಗಿಸಿ ನಕ್ಕ. ಆ ನಗುವಿನಷ್ಟು ಸಿಹಿಯಾದದ್ದನ್ನು ನಾನು ಮತ್ತೆ ಕೇಳಿಲ್ಲ.

ದೊರೆ ಎದ್ದ. “ನೀನು ಈಗಲೇ ಹೊರಡು,” ಎಂದಷ್ಟೇ ಹೇಳಿದ. ಕಿವಿಯ ಮೇಲಿನ ಕೈ ತೆಗೆಯದೆ ಬಂಗಲೆಯ ಕಡೆ ನಡೆದ. ಲಿಂಗನ ಮೇಲೆ ಕಾಗದ ಹೋಗಲಿಲ್ಲ. ಬರೆಯುವ ರೈಟರೇ ಇರಲಿಲ್ಲವಲ್ಲ. ಇವರ ಮೇಲೂ ಪೊಲೀಸರು ಬರಲಿಲ್ಲ. ಎಷ್ಟೋ ದಿನ ಬಾಗಿಲು ಸದ್ದಾದರೆ ನಾನು ಬೆಚ್ಚುತ್ತಿದ್ದೆ. ಬೆಳ್ಳಿಯಪ್ಪನವರೇ ಒಮ್ಮೆ ಸಮಾಧಾನ ಹೇಳಿದರು: “ಹೆದರಬೇಡಿ ಅಕ್ಕ. ಕೇಸು ಹಾಕಿದ್ರೆ ಕೋರ್ಟಲ್ಲಿ ಕೋತಿ ಕಥೆ ಹೇಳಬೇಕಲ್ಲ ಅವನು.” ಪ್ರೆಸ್ಸಿನ ಹಿಂದಿನ ಕೋಣೆಯಲ್ಲೇ ನಮಗೆ ಜಾಗ ಕೊಟ್ಟರು. ದೊರೆಗಳೆಲ್ಲ ಹಡಗು ಹತ್ತುವವರೆಗೂ ಇವರು ಅಲ್ಲಿ ಕೂತು ಕೆತ್ತಿದರು, ಕೆಳಗೆ ಹೆಸರು ಹಾಕಿ. ಕೆಲವು ವಾರ ಗಂಜಿಯೇ ಗತಿಯಾಯಿತು. ಆ ವಾರಗಳಲ್ಲಿ ನಾನು ಇವರನ್ನು ಬೈಯದೆ ಬಿಟ್ಟಿಲ್ಲ.

ಆ ಸೋಮವಾರ ಮಾತ್ರ ಬೈಯಲಿಲ್ಲ. ಟ್ರಂಕು ಇವರ ತಲೆಯ ಮೇಲೆ, ಸೆರಗಿನಲ್ಲಿ ಸುತ್ತಿದ ಕನ್ನಡಿ ನನ್ನ ಕೈಯಲ್ಲಿ. ಬಸ್ಸಿನ ದಾರಿ ಲೈನಿನ ಮುಂದೆಯೇ ಹೋಗುತ್ತಿತ್ತು. ಚಿಕ್ಕಿ ಒಲೆ ಹಚ್ಚಿದ್ದಳು. ಲಿಂಗ ಗೋಡೆಯೆದುರು ನಿಂತಿದ್ದ. ಒದ್ದೆ ಬಟ್ಟೆಯಿಂದ ಬೂಟು ದೊರೆಯ ಬಲಗಿವಿಯ ಗಾಯ ಒರೆಸಿ, ಇದ್ದಿಲು ಹಿಡಿದು ಎಡಗಿವಿಯನ್ನು ಹರಿಯುತ್ತಿದ್ದ.

ನಮ್ಮನೆಯವರು ಟ್ರಂಕು ಹೊತ್ತುಕೊಂಡೇ ನಿಂತು ನೋಡಿದರು.

“ಇನ್ನೊಂಚೂರು ಕೆಳಗೆ ಹರೀಬೇಕು ಕಣೋ,” ಎಂದರು.

ಲಿಂಗ ಇನ್ನೊಂಚೂರು ಕೆಳಗೆ ಹರಿದ.