ಹದಿನೇಳನೆಯ ದಾರಿ

ಟಕ್, ಟಕ್, ಪ್ರೊಫೆಸರರ ಪೆನ್ನು ಮೇಜಿನ ಮೇಲೆ ಬಡಿಯುತ್ತಲೇ ಇದೆ, ಗೋಡೆಯ ಪರದೆಯಲ್ಲಿ ಅವರ ಶಿಷ್ಯೆಯ, ಅವಳ, ನಲವತ್ತು ಗೆರೆಗಳು, ಒಂದೊಂದು ಉತ್ತರಕ್ಕೆ ಒಂದೊಂದು ದಾರಿ, ಎಡಕ್ಕೆ ಸುಲಭದ ಸಮೀಕರಣಗಳು, ಬಲಕ್ಕೆ ಕಷ್ಟದವು, ಸುಲಭದ್ದನ್ನೇ ಚೂರುಚೂರು ಬದಲಿಸುತ್ತ, ಅದರ ಒಂದೊಂದು ಉತ್ತರದ ಬೆನ್ನಿಗೂ ಬಿದ್ದು ಪುಟ್ಟ ಹೆಜ್ಜೆಯಲ್ಲಿ ನಡೆದರೆ ಕಷ್ಟದ್ದರ ಉತ್ತರಕ್ಕೆ ಹೋಗಿ ಮುಟ್ಟುತ್ತೇವೆ, ಇದನ್ನು ಮೊದಲು ಕೇಳಿದ ದಿನ ಡೈರಿಯಲ್ಲಿ ಎರಡು ಪುಟ ಬರೆದಿದ್ದಳು — ಪುಟ್ಟ ಹೆಜ್ಜೆ, ಹೌದು, ಆದರೆ ನಿನ್ನೆ ಸಂಜೆ ಲೆಕ್ಕ ಇನ್ನೂ ಕಂಪ್ಯೂಟರಿನಲ್ಲಿ ತೆವಳುತ್ತಿರುವಾಗ ಪ್ರೊಫೆಸರ್ ಬಾಗಿಲಲ್ಲಿ ತಲೆ ತೂರಿಸಿ ಏನಮ್ಮಾ, ಬಸವನಹುಳು ಸಾಕಿದೀಯಾ, ನಾಳೆ ಬೆಳಿಗ್ಗೆ ಮೀಟಿಂಗು ಅಂದರು, ಅವಳು ಹೂಂ ಸಾರ್ ಎಂದು ಹೆಜ್ಜೆಯ ಅಳತೆಯನ್ನು ಹತ್ತು ಪಟ್ಟು ಹಿಗ್ಗಿಸಿದಳು, ಈಗ ಹದಿನೇಳನೆಯ ಗೆರೆಯೂ ಮೂವತ್ತೊಂದನೆಯದೂ ಒಂದೇ ಚುಕ್ಕಿಯಲ್ಲಿ ನಿಂತಿವೆ, ನಲವತ್ತೂ ಬೇರೆಬೇರೆ ಇರಲೇಬೇಕೆಂದು ಪ್ರೊಫೆಸರೇ ಸಾಧಿಸಿಟ್ಟಿದ್ದಾರಲ್ಲ, ನಡುದಾರಿಯಲ್ಲಿ ಎರಡೂ ಹತ್ತಿರ ಬಂದಾಗ ಹದಿನೇಳು ದಾಪುಗಾಲಿಟ್ಟು ಪಕ್ಕದ ದಾರಿಗೆ ಹಾರಿಬಿಟ್ಟಿದೆ, ಚುಕ್ಕಿಯ ಮೇಲೆ ಚುಕ್ಕಿ, ಇಲ್ಲಿ ಯಾರಿಗೂ ಕಾಣದು, ಬೆಳಿಗ್ಗೆ ಬಸ್ಸಿನಲ್ಲಿ ಉತ್ತರಗಳ ಪಟ್ಟಿ ನೋಡುವಾಗ ಅವಳಿಗೆ ಕಂಡಿತ್ತು, ಕಂಡೂ ಬಾಯಿಗೆ ಬೀಗ — ಅವತ್ತಿನ ಹಾಗೇ, ಐದು ವರ್ಷ ಅವಳಿಗೆ, ಮಾರ್ಕೆಟ್ಟಿನ ಜನಜಂಗುಳಿ, ಕೈಯಲ್ಲಿ ಅಮ್ಮನ ತೋರುಬೆರಳು, ಹೊಲಿಗೆ ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು, ಎದುರಿಗೆ ನೀರು ತುಂಬಿದ ಗುಂಡಿ, ಬೆರಳು ಬಿಟ್ಟು ಒಂದೇ ನೆಗೆತ, ಆಚೆ ಮತ್ತೆ ಹಿಡಿದರೆ ಬೆರಳು ನುಣುಪು, ಗೊತ್ತಾಯಿತು, ಆ ಕ್ಷಣವೇ ಗೊತ್ತಾಯಿತು, ಆದರೂ ನೀವು ಯಾರು ಎಂದು ಕೇಳಲು ನಾಚಿಕೆ, ಆ ಹೆಂಗಸೋ ಪಕ್ಕದವಳ ಜೊತೆ ಮಾತಿನಲ್ಲಿ ಮುಳುಗಿ ತನ್ನದೇ ಮಗು ಅಂದುಕೊಂಡಿರಬೇಕು, ಮೂರು ಬೀದಿ ನಡೆದರು, ಇವತ್ತಿಗೂ ಅಕ್ಕ ಆಡಿಕೊಳ್ಳುತ್ತಾಳೆ, ಹುಷಾರು ಕಣ್ರೋ, ಇವಳಿಗೆ ಯಾರ ಬೆರಳಾದ್ರೂ ಆಗುತ್ತೆ, ಎಲ್ಲರೂ ನಗುತ್ತಾರೆ, ಅಮ್ಮ ಮಾತ್ರ ನಗುವುದಿಲ್ಲ, ಅಮ್ಮ ಗುಂಡಿಯ ಆಚೆ ಬೆರಳು ಚಾಚಿಕೊಂಡು ನಿಂತೇ ಇದ್ದಳಂತೆ, ಬಾ ಪುಟ್ಟಿ, ಬಾ —

ಇಷ್ಟೇನಾ, ನಲವತ್ತೂ ಸಿಕ್ಕಿದಾವಾ, ಇಂಜಿನಿಯರ್ ಕೇಳುತ್ತಿದ್ದಾನೆ, ಹಾಸಿಗೆ ಹಿಡಿದವರನ್ನು ಎತ್ತುವ ಯಂತ್ರದ ಕೈ ಅವನು ಕಟ್ಟಿದ್ದು, ಆ ಕೈ ಮಡಚಿಕೊಳ್ಳಬಹುದಾದ ಭಂಗಿಗಳೇ ಈ ಉತ್ತರಗಳು, ಎದೆಗೆ ಒತ್ತುವಂಥದ್ದು ಯಾವುದಿದ್ರೂ ಈಗ್ಲೇ ಹೇಳಿಬಿಡಿ, ಅದಕ್ಕೆ ತಡೆ ಹಾಕಿ ಮಧ್ಯಾಹ್ನ ನಮ್ಮಪ್ಪನ್ನೇ ಮೊದಲು ಮಲಗಿಸ್ತೀನಿ ಅದರಲ್ಲಿ, ಮಲಗಿದಲ್ಲೇ ಬೈತಾರೆ ನನ್ನ, ನಗುತ್ತಾನೆ, ಪ್ರೊಫೆಸರ್ ಇವಳತ್ತ ತಿರುಗಿ ಹೇಳಮ್ಮಾ, ನಲವತ್ತು ಅಂತ, ಹೂಂ ಎಂದರೆ ಮುಗಿಯಿತು, ಹೂಂ ಎನ್ನುವುದು ಎಷ್ಟು ಸಲೀಸು, ಜೀವನವಿಡೀ ಅದನ್ನೇ ಅಂದಿದ್ದಾಳೆ, ಕಳೆದುಹೋದದ್ದು ಎಂಥ ಭಂಗಿಯೋ, ಆ ಮೊಣಕೈ ಎಲ್ಲಿಗೆ ಇಳಿಯುತ್ತದೋ, ಆ ಅಪ್ಪನ ಎದೆ, ನುಣುಪು, ಕೈಯೊಳಗೆ ಮತ್ತೆ ಆ ನುಣುಪು — ಮೂವತ್ತೊಂಬತ್ತು ಸಾರ್, ಯಾರ ದನಿ ಇದು, ಹದಿನೇಳು ಪಕ್ಕದ ದಾರಿಗೆ ಹಾರಿದೆ, ಹೆಜ್ಜೆ ದೊಡ್ಡದು ಮಾಡಿದ್ದು ನಾನೇ, ಒಂದು ಭಂಗಿ ಇನ್ನೂ ಸಿಕ್ಕಿಲ್ಲ, ಇವತ್ತು ಯಾರನ್ನೂ ಮಲಗಿಸಬೇಡಿ. ಪೆನ್ನು ನಿಂತಿತು. ಇಂಜಿನಿಯರನ ನಗು ನಿಂತಿತು. ಪರದೆಯ ಮೇಲೆ ಯಾವ ಗೆರೆಯೂ ಹೋಗಿ ಮುಟ್ಟದ ಒಂದು ಜಾಗ, ಎಲ್ಲೋ, ಅಲ್ಲಿ ಬೆರಳು, ಒರಟು ಬೆರಳು, ಗುಂಡಿಯ ಆಚೆ, ಚಾಚಿಕೊಂಡೇ ಇರುವ ಬೆರಳು